ನಂಬಬಹುದಾದ ಪುಟಕ್ಕಾಗಿ: ಚಿಕ್ಕಮಗಳೂರಿನಿಂದ ಒಂದು ಹುಡುಕಾಟ

ಬಿಡಿಎಸ್‌ಎಂ ಕುರಿತು ಅಂತರ್ಜಾಲದಲ್ಲಿ ನಂಬಿಕೆಗೆ ಅರ್ಹವಾದ ಮಾಹಿತಿಯನ್ನು ಹುಡುಕುವ ಕೆಲಸ ಕಳೆದ ಹೂಮಳೆಯ ಕಾಲದಿಂದ ಈ ಸಲದ ಕಾಫಿ ಕೊಯ್ಲಿನವರೆಗೂ ನನ್ನನ್ನೂ ನನ್ನ ಗಂಡನನ್ನೂ ಹಿಡಿದಿಟ್ಟಿತ್ತು. ಈಗ ಒಂದು ನೆಲೆಗೆ ಬಂದಿದ್ದೇವೆ. ಚಿಕ್ಕಮಗಳೂರು, ಹಾಸನದಂತಹ ಊರುಗಳಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಯಾರನ್ನೂ ಕೇಳಲಾಗದೆ ಕುಳಿತವರಿದ್ದಾರೆ; ಅವರಲ್ಲಿ ಕೆಲವರನ್ನು ಈ ನಡುವೆ ಭೇಟಿಯೂ ಆಗಿದ್ದೇನೆ. ಅವರಿಗೆ ನಮ್ಮಷ್ಟು ಅಲೆದಾಟ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಇದು ವಯಸ್ಕರಿಗೆ ಮಾತ್ರ ಸಂಬಂಧಿಸಿದ ವಿಷಯ. ಕಟ್ಟುವುದು, ಶಿಸ್ತು, ಅಧೀನತೆ, ಒಪ್ಪಿಕೊಂಡು ಅನುಭವಿಸುವ ನೋವು ಇವೆಲ್ಲ ಈ ನಾಲ್ಕಕ್ಷರದೊಳಗೆ ಬರುತ್ತವೆ. ಇಬ್ಬರ ಪೂರ್ಣ ಸಮ್ಮತಿ ಇಲ್ಲದಿದ್ದರೆ ಅದು ಹಿಂಸೆ, ಅಷ್ಟೇ.

ನಾನು ಕಾಫಿ ಎಸ್ಟೇಟೊಂದರ ಲೆಕ್ಕಪತ್ರ ನೋಡುತ್ತೇನೆ. ಗಂಡನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಮದುವೆಯಾಗಿ ಬಹಳ ವರ್ಷಗಳಾದ ಮೇಲೆ ನಮ್ಮಿಬ್ಬರಲ್ಲಿ ಮೊದಲು ಬಾಯಿ ಬಿಟ್ಟವಳು ನಾನು. ಅವನು ನಗಲಿಲ್ಲ, ಗಾಬರಿಯಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ನಿಜವಾಗಿ ನೋವಾಗುತ್ತಿದ್ದರೆ ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದ. ಆಮೇಲೆ ನಾವು ಓದಿದ ಪ್ರತಿಯೊಂದು ಪುಟವನ್ನೂ ಈ ಒಂದು ಪ್ರಶ್ನೆಯ ಮುಂದೆ ನಿಲ್ಲಿಸಿದೆವು. ಉತ್ತರ ಕೊಟ್ಟವನ್ನು ಉಳಿಸಿಕೊಂಡೆವು, ಕೊಡದವನ್ನು ಮುಚ್ಚಿದೆವು.

ಮೊದಮೊದಲು ಮುಚ್ಚಿದ್ದೇ ಹೆಚ್ಚು. ಕನ್ನಡದಲ್ಲಿ ಹುಡುಕಿದರೆ ಎರಡೇ ಬಗೆಯ ಫಲಿತಾಂಶ ಬರುತ್ತಿತ್ತು. ಒಂದು, ಬೆಚ್ಚಿಬೀಳಿಸುವ ತಲೆಬರಹ ಹೊತ್ತ ಸುದ್ದಿ ತುಣುಕುಗಳು. ಇನ್ನೊಂದು, ಎಲ್ಲ ಬಯಕೆಗಳನ್ನೂ ದೌರ್ಬಲ್ಯವೆಂದು ಕರೆದು ಔಷಧ ಮಾರುವ ಜಾಹೀರಾತುಗಳು. ಇಂಗ್ಲಿಷಿನಲ್ಲಿ ಹುಡುಕಿದರೆ ಅಶ್ಲೀಲ ವಿಡಿಯೊಗಳ ರಾಶಿ. 2018ರಲ್ಲಿ ದೂರಸಂಪರ್ಕ ಇಲಾಖೆ 827 ಅಶ್ಲೀಲ ತಾಣಗಳನ್ನು ತಡೆಯಲು ಆದೇಶಿಸಿದ್ದು ನಿಮಗೆ ನೆನಪಿರಬಹುದು. ಆ ಹೆಸರುಗಳು ಹೋದರೂ ಅದೇ ಸರಕು ಬೇರೆ ಹೆಸರುಗಳಲ್ಲಿ ತೆರೆದುಕೊಳ್ಳುತ್ತದೆ. ಆ ವಿಡಿಯೊಗಳಲ್ಲಿ ಯಾರೂ ಮೊದಲು ಮಾತಾಡಿಕೊಳ್ಳುವುದಿಲ್ಲ, ನಡುವೆ ನಿಲ್ಲಿಸುವುದಿಲ್ಲ, ಮುಗಿದ ಮೇಲೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದಿಲ್ಲ. ಕಲಿಯಬೇಕಾದ ಭಾಗವನ್ನೆಲ್ಲ ಕತ್ತರಿಸಿ ತೆಗೆದ ಚಿತ್ರ ಅದು. ಅದನ್ನು ನೋಡಿ ಕಲಿಯಲು ಹೊರಟವರಿಗೆ ಅಪಾಯ ಖಂಡಿತ.

ಜೂನ್ ಹೊತ್ತಿಗೆ ಮಳೆ ಹಿಡಿಯಿತು. ಕರೆಂಟಿಲ್ಲದ, ನೆಟ್‌ವರ್ಕ್ ಬಂದು ಹೋಗುವ ರಾತ್ರಿಗಳಲ್ಲಿ ಒಂದು ಪುಟ ತೆರೆಯುವುದಕ್ಕೇ ಕಾಯಬೇಕಾಗುತ್ತಿತ್ತು. ಮನೆಯಲ್ಲಿ ಅತ್ತೆ ಇದ್ದಾರೆ, ಮಕ್ಕಳೂ ನನ್ನ ಮೊಬೈಲಿನಲ್ಲೇ ಪಾಠದ ವಿಡಿಯೊ ನೋಡುತ್ತಾರೆ. ಹಾಗಾಗಿ ಓದಲು ಶುರುಮಾಡುವ ಮೊದಲೇ ಒಂದಿಷ್ಟು ವ್ಯವಸ್ಥೆ ಮಾಡಿಕೊಂಡೆವು. ಹಳೆಯ ಮೊಬೈಲೊಂದನ್ನು ಈ ಕೆಲಸಕ್ಕೇ ಇಟ್ಟು ಅದಕ್ಕೆ ಬೇರೆ ಪಾಸ್‌ವರ್ಡ್ ಹಾಕಿದೆವು. ಕಚೇರಿಯ ಅಥವಾ ಬ್ಯಾಂಕಿನ ಕೆಲಸಕ್ಕೆ ಬಳಸದ ಹೊಸ ಇಮೇಲ್ ವಿಳಾಸ ತೆರೆದೆವು. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ಆ ಸಾಧನದಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೇ. ನೀವು ಕಚೇರಿಯ ವೈಫೈ ಬಳಸಿದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಆ ಜಾಲ ನೋಡಿಕೊಳ್ಳುವವರಿಗೆ ಕಾಣಬಹುದು. ಹಣ ಕೊಟ್ಟರೆ ಕಾರ್ಡಿನ ವಿವರಪಟ್ಟಿಯಲ್ಲಿ ಹೆಸರು ಬರುತ್ತದೆ. ಇವಿಷ್ಟನ್ನು ಮೊದಲೇ ಯೋಚಿಸಿಕೊಂಡರೆ ಓದುವಾಗ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ.

ಹುಡುಕಾಟ ದಾರಿಗೆ ಬಂದದ್ದು ಈ ಸಮುದಾಯದವರು ತಮ್ಮೊಳಗೆ ಬಳಸುವ ಮಾತುಗಳು ನಮಗೆ ಸಿಕ್ಕ ಮೇಲೆ. ನೆಗೋಷಿಯೇಷನ್ ಎಂದರೆ ಮುಂಚಿತವಾಗಿ ಏನು ಬೇಕು, ಏನು ಬೇಡ ಎಂದು ಕುಳಿತು ಮಾತಾಡಿಕೊಳ್ಳುವುದು. ಲಿಮಿಟ್ ಎಂದರೆ ದಾಟಬಾರದ ಗೆರೆ. ಸೇಫ್‌ವರ್ಡ್ ಎಂದರೆ ಹೇಳಿದ ತಕ್ಷಣ ಎಲ್ಲವೂ ನಿಲ್ಲಬೇಕಾದ ಗುರುತಿನ ಮಾತು. ಆಫ್ಟರ್‌ಕೇರ್ ಎಂದರೆ ಮುಗಿದ ಮೇಲಿನ ಆರೈಕೆ. ನೀರು, ಹೊದಿಕೆ, ಮಾತು, ಮರುದಿನದ ವಿಚಾರಣೆ. ಈ ಮಾತುಗಳನ್ನು ಸುರಕ್ಷತೆ, ಸಮ್ಮತಿ ಎಂಬುವುಗಳ ಜೊತೆ ಸೇರಿಸಿ ಹುಡುಕಿದಾಗ ವಿಡಿಯೊಗಳು ಹಿಂದೆ ಸರಿದು ಲೇಖನಗಳು ಮುಂದೆ ಬಂದವು. ಅಲ್ಲಿಯೇ ಎರಡು ಹಳೆಯ ಸೂತ್ರಗಳೂ ಸಿಕ್ಕವು. ಒಂದು ಎಸ್‌ಎಸ್‌ಸಿ: ಸುರಕ್ಷಿತ, ವಿವೇಕಯುತ, ಸಮ್ಮತಿಯುಕ್ತ. ಇದು 1983ರಲ್ಲಿ ನ್ಯೂಯಾರ್ಕಿನ ಸಲಿಂಗಿ ಪುರುಷರ ಸಂಘಟನೆಯೊಂದರ ಬರಹದಿಂದ ಹರಡಿತು. ಇನ್ನೊಂದು 1999ರಲ್ಲಿ ಬಂದ ರ‍್ಯಾಕ್: ಅಪಾಯವನ್ನು ಅರಿತು, ಒಪ್ಪಿ ಮಾಡುವುದು. ಯಾವುದೂ ನೂರಕ್ಕೆ ನೂರು ಸುರಕ್ಷಿತವಲ್ಲ, ಆದ್ದರಿಂದ ಅಪಾಯ ಏನೆಂದು ತಿಳಿದೇ ಒಪ್ಪಬೇಕು ಎಂಬುದು ಎರಡನೆಯದರ ವಾದ. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕ ಎನಿಸಿತು.

ಗಂಡನ ಪ್ರಶ್ನೆಗೆ ಮೊದಲ ಸರಿಯಾದ ಉತ್ತರ ಸಿಕ್ಕದ್ದೂ ಆಗಲೇ. ಸಂಚಾರ ದೀಪದ ಪದ್ಧತಿ: ಹಸಿರು ಎಂದರೆ ಸರಿಯಿದ್ದೇನೆ, ಹಳದಿ ಎಂದರೆ ನಿಧಾನಿಸು, ಕೆಂಪು ಎಂದರೆ ನಿಲ್ಲಿಸು. ಬಾಯಿಂದ ಹೇಳಲಾಗದ ಸ್ಥಿತಿಯಿದ್ದರೆ ಕೈಯಲ್ಲಿ ಹಿಡಿದ ವಸ್ತುವನ್ನು ಕೆಳಗೆ ಬಿಡುವುದು. ಒಳ್ಳೆಯ ಪುಟಗಳು ಇಲ್ಲಿಗೇ ನಿಲ್ಲುವುದಿಲ್ಲ. ಭಾವಾವೇಶದಲ್ಲಿರುವವರು ಎಷ್ಟೋ ಸಲ ಆ ಮಾತನ್ನು ಹೇಳುವುದಿಲ್ಲ ಅಥವಾ ಹೇಳಲಾರರು, ಆದ್ದರಿಂದ ನಡುನಡುವೆ ಕೇಳುತ್ತಿರಬೇಕಾದ ಹೊಣೆ ಮಾಡುವವರದ್ದು ಎಂದೂ ಬರೆಯುತ್ತವೆ. ಈ ವಾಕ್ಯ ಓದಿದ ದಿನ ಅವನ ಮುಖದ ಬಿಗಿ ಸಡಿಲಾಯಿತು.

ಅವನು ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಲೇಖನಗಳು ಅವನಿಗೆ ತಿಣುಕಾಟ. ಮೊಬೈಲಿನ ಯಂತ್ರಾನುವಾದಕ್ಕೆ ಹಾಕಿ ಓದುತ್ತಿದ್ದ. ಒಂದು ದಿನ ಅವನು ಓದಿ ಹೇಳಿದ್ದಕ್ಕೂ ನಾನು ಮೂಲದಲ್ಲಿ ಓದಿದ್ದಕ್ಕೂ ತಾಳೆಯಾಗಲಿಲ್ಲ. ನೋಡಿದರೆ, ಎಚ್ಚರಿಕೆಯ ಉದ್ದನೆಯ ವಾಕ್ಯವೊಂದರಲ್ಲಿ ಯಂತ್ರ ನಿಷೇಧವನ್ನೇ ಬಿಟ್ಟುಬಿಟ್ಟಿತ್ತು; ಮಾಡಬಾರದ್ದು ಮಾಡಬಹುದಾದದ್ದಾಗಿ ಬಂದಿತ್ತು. ದೇಹಕ್ಕೆ ಸಂಬಂಧಿಸಿದ ಯಾವ ಸೂಚನೆಯನ್ನೂ ಯಂತ್ರಾನುವಾದದ ಮೇಲೆ ಮಾತ್ರ ನಂಬಬೇಡಿ. ಅಂದಿನಿಂದ ನಾನೇ ಓದಿ, ಸಾರಾಂಶವನ್ನು ಕನ್ನಡದಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ. ಎಡಪುಟದಲ್ಲಿ ಹೇಳಿಕೆ, ಬಲಪುಟದಲ್ಲಿ ಅದನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಎಂಬುದು. ವೋಚರ್ ಇಲ್ಲದ ಖರ್ಚನ್ನು ಲೆಕ್ಕದ ಪುಸ್ತಕಕ್ಕೆ ಹೇಗೆ ಏರಿಸುವುದಿಲ್ಲವೋ ಹಾಗೆಯೇ ಬಲಪುಟ ಖಾಲಿಯಿದ್ದರೆ ಎಡಪುಟವನ್ನು ಹೊಡೆದುಹಾಕುತ್ತಿದ್ದೆ.

ಒಂದು ತಾಣವನ್ನು ಬೇಗ ಅಳೆಯಲು ನಾವು ಕಂಡುಕೊಂಡ ದಾರಿ ಇದು: ಅದರಲ್ಲಿ ಉಸಿರು ತಡೆಯುವ ಆಟದ ಬಗ್ಗೆ ಏನಿದೆ ಎಂದು ಮೊದಲು ನೋಡಿ. ಕುತ್ತಿಗೆಯ ಮೇಲಿನ ಒತ್ತಡ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಆ ಹೊತ್ತಿಗೆ ಕೆಂಪು ಎನ್ನಲು ಬಾಯಿ ಏಳುವುದಿಲ್ಲ. ಜೀವವೇ ಹೋಗಬಹುದು. ಇದಕ್ಕೆ ಸುರಕ್ಷಿತ ವಿಧಾನವೇ ಇಲ್ಲ ಎಂದು ನೇರವಾಗಿ ಬರೆದ ತಾಣವನ್ನು ಮುಂದೆ ಓದಿದೆವು. "ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ" ಎಂದು ಕೈಹಿಡಿತದ ಚಿತ್ರ ಹಾಕಿದ ತಾಣದ ಬೇರೆ ಯಾವ ಮಾತನ್ನೂ ನಂಬಲಿಲ್ಲ, ಅದರ ವಿನ್ಯಾಸ ಎಷ್ಟೇ ಚೆಂದವಿದ್ದರೂ.

ಎರಡನೆಯ ಅಳತೆಗೋಲು ಹಗ್ಗ. ಮಲೆನಾಡಿನಲ್ಲಿ ಹಗ್ಗ ಎಲ್ಲರ ಮನೆಯಲ್ಲೂ ಇದೆ, ಅದನ್ನು ಕಟ್ಟಲು ಎಲ್ಲರಿಗೂ ಬರುತ್ತದೆ. ಅದೇ ಧೈರ್ಯ ಇಲ್ಲಿ ಕೆಡುಕು ಮಾಡುತ್ತದೆ. ಹಲವು ಪುಟಗಳು ರಕ್ತ ಸಂಚಾರದ ಬಗ್ಗೆ ಮಾತ್ರ ಎಚ್ಚರಿಸುತ್ತವೆ: ಬೆರಳು ನೀಲಿಯಾದರೆ ಬಿಚ್ಚಿ ಎಂದು. ಆದರೆ ನರಕ್ಕೆ ಪೆಟ್ಟಾದರೆ ಬಣ್ಣ ಬದಲಾಗುವುದೇ ಇಲ್ಲ. ಇದನ್ನು ವಿವರಿಸಿದ ಪುಟ ಸಿಕ್ಕಾಗ ಹೊರಗಿನ ಒಬ್ಬರಿಂದ ತಾಳೆ ನೋಡಬೇಕೆನಿಸಿತು. ಹಾಸನದಲ್ಲಿ ನಮ್ಮ ಸಂಬಂಧಿಕಳೊಬ್ಬಳು ಫಿಸಿಯೋಥೆರಪಿಸ್ಟ್. ಹಾಸನಾಂಬೆಯ ದರ್ಶನಕ್ಕೆ ಹೋದಾಗ ಅವಳ ಮನೆಯಲ್ಲಿ ಉಳಿದಿದ್ದೆವು. ಊಟವಾದ ಮೇಲೆ, ತೋಳಿಗೆ ಬಿಗಿಯಾಗಿ ಕಟ್ಟಿದರೆ ಯಾವ ನರಕ್ಕೆ ತೊಂದರೆ ಎಂದು ಕೇಳಿದೆ. ಅವಳು ಕಾರಣ ಕೇಳಲಿಲ್ಲ. ನನ್ನದೇ ತೋಳನ್ನು ಹಿಡಿದು, ಮೇಲ್ತೋಳಿನ ಮೂಳೆಯ ಹಿಂಬದಿಯಿಂದ ಸುತ್ತಿಕೊಂಡು ಹೊರಬದಿಗೆ ಬರುವ ರೇಡಿಯಲ್ ನರದ ದಾರಿಯನ್ನು ಬೆರಳಿನಿಂದ ಗೀಚಿ ತೋರಿಸಿದಳು. ಅದು ಮೂಳೆಗೆ ಒತ್ತಿಕೊಂಡರೆ ಮಣಿಕಟ್ಟು ಜೋತುಬೀಳುತ್ತದೆ, ಕೈ ಮೇಲೆತ್ತಲಾಗುವುದಿಲ್ಲ. ಕುರ್ಚಿಯ ಬೆನ್ನಿಗೆ ತೋಳು ಜೋತುಹಾಕಿ ಕುಡಿದು ಮಲಗಿದವರಿಗೂ ಹೀಗಾಗುವುದರಿಂದ ವೈದ್ಯರು ಅದನ್ನು ಸ್ಯಾಟರ್‌ಡೇ ನೈಟ್ ಪಾಲ್ಸಿ ಎನ್ನುತ್ತಾರೆ. ಸರಿಯಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಜುಮುಗುಡುವಿಕೆ, ಮರಗಟ್ಟುವಿಕೆ, ಸೆಳೆತ ಕಂಡ ಕ್ಷಣವೇ ಬಿಡಿಸಬೇಕು, ಕಾದು ನೋಡಬಾರದು ಎಂದಳು.

ನಾವು ಉಳಿಸಿಕೊಂಡಿದ್ದ ಪುಟ ಹೇಳಿದ್ದೂ ಅದನ್ನೇ. ಬಟ್ಟೆ ಕತ್ತರಿಸುವ, ತುದಿ ಮೊಂಡಾದ ಆಸ್ಪತ್ರೆಯ ಕತ್ತರಿ ಕೈಗೆಟುಕುವಲ್ಲಿ ಇರಬೇಕು, ಕಟ್ಟಿಸಿಕೊಂಡವರನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು, ಹಗ್ಗದಿಂದ ನೇತುಹಾಕುವುದನ್ನು ಪುಟ ನೋಡಿ ಕಲಿಯಲೇಬಾರದು ಎಂದು ಅದರಲ್ಲಿತ್ತು. ಅಂತಹ ಕತ್ತರಿ ಔಷಧ ಸಾಮಗ್ರಿಯ ಅಂಗಡಿಯಲ್ಲಿ ಇನ್ನೂರೈವತ್ತು ರೂಪಾಯಿಗೆ ಸಿಕ್ಕಿತು. ಈ ಇಡೀ ಹುಡುಕಾಟದಲ್ಲಿ ನಾವು ಕೊಂಡ ಮೊದಲ ವಸ್ತು ಅದು.

ಬರೆದವರು ಯಾರು ಎಂಬುದನ್ನು ಪತ್ತೆಹಚ್ಚುವುದು ಇಲ್ಲಿ ಕಷ್ಟ. ಸಮುದಾಯದವರಲ್ಲಿ ಹೆಚ್ಚಿನವರು ಗುಪ್ತನಾಮದಲ್ಲಿ ಬರೆಯುತ್ತಾರೆ, ಅದಕ್ಕೆ ಕಾರಣವೂ ಇದೆ. ಆದ್ದರಿಂದ ನಿಜವಾದ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಲಾಗದು. ಅದೇ ಗುಪ್ತನಾಮ ವರ್ಷಗಟ್ಟಲೆ ಬರೆಯುತ್ತಿದೆಯೇ, ಹಳೆಯ ಬರಹವನ್ನು ತಿದ್ದಿದಾಗ ತಿದ್ದಿದ್ದೇನೆ ಎಂದು ಹೇಳುತ್ತದೆಯೇ, ಬೇರೆಯವರ ಪುಟಗಳಿಗೆ ಓದುಗರನ್ನು ಕಳಿಸುತ್ತದೆಯೇ ಎಂದು ನೋಡಿದೆವು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ತಾಣದ ವಿಳಾಸ ಹಾಕಿದರೆ ಅದು ಹಿಂದೆ ಹೇಗಿತ್ತೆಂದು ಕಾಣುತ್ತದೆ. ಹದಿನೈದು ವರ್ಷಗಳ ಅನುಭವ ಎಂದು ಎದೆ ತಟ್ಟಿಕೊಂಡಿದ್ದ ಒಂದು ತಾಣದ ಮೊದಲ ಪ್ರತಿ ಹಿಂದಿನ ವರ್ಷದ್ದಾಗಿತ್ತು. ಅದಕ್ಕೂ ಮೊದಲು ಅದೇ ವಿಳಾಸದಲ್ಲಿ ಬೇರೇನೋ ಮಾರುತ್ತಿದ್ದರು. ಆ ತಾಣದವರು ಹನ್ನೆರಡು ಸಾವಿರ ರೂಪಾಯಿಯ ತರಬೇತಿಗೆ ಸೇರಲು ದಿನಾ ಸಂದೇಶ ಕಳಿಸುತ್ತಿದ್ದರು. ಗುರುತಿಗೆಂದು ಮುಖ ಕಾಣುವ ಚಿತ್ರವನ್ನೂ ಆಧಾರ್ ಪ್ರತಿಯನ್ನೂ ಕೇಳಿದರು. ನಾವು ಉತ್ತರಿಸಲಿಲ್ಲ. ಯಾವ ಕಾರಣಕ್ಕೂ, ಯಾರಿಗೂ ಅವೆರಡನ್ನು ಕಳಿಸಬೇಡಿ.

ಪುಟಗಳು ಹೀಗೆ ಜಾಲಾಡಿ ಮುಗಿದರೂ ನನ್ನೊಳಗೆ ಒಂದು ಮುಳ್ಳು ಉಳಿದಿತ್ತು: ಇದು ರೋಗವೇ? ಜಿಲ್ಲೆಯ ಹೊರಗಿನ ಆಪ್ತಸಮಾಲೋಚಕರೊಬ್ಬರ ಬಳಿ ಸಮಯ ಕೇಳಿ, ಮೂರು ವಾರ ಕಾದು ಹೋದೆ. ನನ್ನ ಮಾತು ಪೂರ್ತಿಯಾಗುವ ಮೊದಲೇ ಅವರು ವಿಕೃತಿ ಎಂದರು, ಬಾಲ್ಯದಲ್ಲಿ ಏನಾಗಿತ್ತು ಎಂದು ಮತ್ತೆಮತ್ತೆ ಕೆದಕಿದರು, ಗಂಡನನ್ನು ಕರೆಸಿ ಎಚ್ಚರಿಸುತ್ತೇನೆ ಎಂದರು. ಎಂಟುನೂರು ರೂಪಾಯಿ ಕೊಟ್ಟು ಹೊರಬಂದು ಬಸ್ ನಿಲ್ದಾಣದವರೆಗೂ ನಡೆದೆ. ಊರಿಗೆ ಬರುವ ಬಸ್ಸಿನಲ್ಲಿ ಕಣ್ಣೀರು ನಿಲ್ಲಲಿಲ್ಲ. ಆಮೇಲೆ ಬಹಳ ದಿನ ಆ ಹಳೆಯ ಮೊಬೈಲನ್ನು ಮುಟ್ಟಲೂ ಇಲ್ಲ.

ಮತ್ತೆ ಕೈಗೆತ್ತಿಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವನ್ನು ನೇರವಾಗಿ ಅದರ ತಾಣದಲ್ಲೇ ಓದಲು. ಹಳೆಯ ಪಟ್ಟಿಯಾದ ಐಸಿಡಿ-10ರಲ್ಲಿ ಸ್ಯಾಡೊಮ್ಯಾಸೊಕಿಸಂ, ಅಂದರೆ ನೋವು ಕೊಡುವುದರಲ್ಲಿ ಅಥವಾ ಪಡೆಯುವುದರಲ್ಲಿ ಸುಖ ಕಾಣುವುದು, ಒಂದು ಅಸ್ವಸ್ಥತೆಯಾಗಿ ಎಫ್65.5 ಎಂಬ ಸಂಖ್ಯೆಯಡಿ ಇತ್ತು. 2019ರ ಮೇ ತಿಂಗಳಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಅದನ್ನು ತೆಗೆದಿದ್ದಾರೆ. ಒಪ್ಪಿಗೆಯಿಲ್ಲದವರ ಮೇಲೆ ನಡೆಸುವ ಲೈಂಗಿಕ ಕ್ರೌರ್ಯ ಪ್ರತ್ಯೇಕ ಅಸ್ವಸ್ಥತೆಯಾಗಿ ಉಳಿದಿದೆ. ಅಮೆರಿಕದ ಮನೋವೈದ್ಯರ ಸಂಘದ ಮನೋರೋಗ ಕೈಪಿಡಿಯಾದ ಡಿಎಸ್‌ಎಂ-5 ಕೂಡ 2013ರಲ್ಲೇ ವಿಶಿಷ್ಟ ಬಯಕೆಯನ್ನೂ ಅಸ್ವಸ್ಥತೆಯನ್ನೂ ಬೇರ್ಪಡಿಸಿದೆ. ವ್ಯಕ್ತಿಗೆ ಯಾತನೆ ಅಥವಾ ಬದುಕಿಗೆ ಅಡ್ಡಿಯಾದರೆ, ಇಲ್ಲವೇ ಇತರರಿಗೆ ಹಾನಿಯಾದರೆ ಮಾತ್ರ ಅದು ಅಸ್ವಸ್ಥತೆ. ಈ ಎರಡು ಸಾಲುಗಳನ್ನು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ಸಂಶೋಧನೆಗಳನ್ನು ಓದುವಾಗಲೂ ಎಚ್ಚರ ಬೇಕು, ಅವು ನಮ್ಮ ಪರವಾಗಿ ಮಾತಾಡುವಾಗ ಇನ್ನೂ ಹೆಚ್ಚು. ನೆದರ್ಲೆಂಡ್ಸ್‌ನಿಂದ 2013ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಈ ಬಗೆಯ ಎಲ್ಲ ತಾಣಗಳೂ ಎತ್ತಿಹೇಳುತ್ತವೆ. ಬಿಡಿಎಸ್‌ಎಂ ಅಭ್ಯಾಸವಿರುವ 902 ಮಂದಿಯನ್ನು ಇತರ 434 ಮಂದಿಯೊಡನೆ ಹೋಲಿಸಿ, ಮೊದಲ ಗುಂಪಿನವರ ಮಾನಸಿಕ ಸ್ಥಿತಿ ಕೆಲವು ವಿಷಯಗಳಲ್ಲಿ ಹೆಚ್ಚು ಚೆನ್ನಾಗಿದೆ ಎಂದಿತ್ತು ಅದು. ಓದಿ ಹಿಗ್ಗಿದೆ. ಆದರೆ ಅವರೆಲ್ಲ ತಾವಾಗಿಯೇ ಅಂತರ್ಜಾಲದಲ್ಲಿ ಪ್ರಶ್ನಾವಳಿ ತುಂಬಿದವರು. ತೊಂದರೆಯಲ್ಲಿದ್ದವರು ತುಂಬದೇ ಹೋಗಿರಬಹುದು. ನನಗೆ ಹೆಚ್ಚು ಗಟ್ಟಿ ಎನಿಸಿದ್ದು 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಮೀಕ್ಷೆ. ಅಲ್ಲಿ ದೂರವಾಣಿಯ ಮೂಲಕ 19,307 ಜನರನ್ನು ಮಾತಾಡಿಸಿದ್ದರು. ಲೈಂಗಿಕವಾಗಿ ಸಕ್ರಿಯರಾದವರಲ್ಲಿ ಶೇ. 1.8ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಇಂತಹದ್ದರಲ್ಲಿ ತೊಡಗಿದ್ದೆವು ಎಂದಿದ್ದರು. ಅವರಲ್ಲಿ ಮನೋವೇದನೆ ಉಳಿದವರಿಗಿಂತ ಹೆಚ್ಚಿರಲಿಲ್ಲ. ಮೊದಲನೆಯ ಅಧ್ಯಯನವನ್ನು ಮಾತ್ರ ಹೇಳಿ, ಅದರ ಮಿತಿಯನ್ನು ಮರೆಮಾಚುವ ತಾಣಗಳಿಗೆ ನೋಟ್‌ಬುಕ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಸರಿಯಾದ ಆಪ್ತಸಮಾಲೋಚಕರು ಸಿಕ್ಕದ್ದು ನಂತರ. ಅಮೆರಿಕದಲ್ಲಿ 1997ರಲ್ಲಿ ಶುರುವಾದ ನ್ಯಾಷನಲ್ ಕೋಯಲಿಷನ್ ಫಾರ್ ಸೆಕ್ಷುಯಲ್ ಫ್ರೀಡಂ ಎಂಬ ಸಂಸ್ಥೆ ಈ ವಿಷಯದ ತಿಳಿವಳಿಕೆಯುಳ್ಳ ವೈದ್ಯರು, ವಕೀಲರು, ಚಿಕಿತ್ಸಕರ ಪಟ್ಟಿಯೊಂದನ್ನು ಇಟ್ಟಿದೆ. ಹೆಸರುಗಳಲ್ಲಿ ಹೆಚ್ಚಿನವು ಅಮೆರಿಕದವು. ಆದರೆ ಅಲ್ಲಿಂದ ಒಂದು ಉಪಾಯ ಕಲಿತೆ: ಹಣ ಕಟ್ಟುವ ಮೊದಲೇ ಕೇಳುವುದು. ಬೆಂಗಳೂರಿನ ಮನಶ್ಶಾಸ್ತ್ರಜ್ಞರಿಗೆ ಹೊಸ ಇಮೇಲಿನಿಂದ ಬರೆದೆ. ಸಮ್ಮತಿಯಿರುವ ವಯಸ್ಕರ ಬಿಡಿಎಸ್‌ಎಂ ಅನ್ನು ನೀವು ಚಿಕಿತ್ಸೆ ಬೇಕಾದ ಸಂಗತಿ ಎಂದು ನೋಡುತ್ತೀರಾ, ಕನ್ನಡದಲ್ಲಿ ಮಾತಾಡುತ್ತೀರಾ, ಮಾತುಕತೆಯ ದಾಖಲೆ ಎಲ್ಲಿ ಇಡುತ್ತೀರಿ ಎಂಬ ಮೂರೇ ಪ್ರಶ್ನೆ. ಹಲವರು ಉತ್ತರಿಸಲೇ ಇಲ್ಲ. ಒಬ್ಬರು ಮೂರಕ್ಕೂ ಸ್ಪಷ್ಟವಾಗಿ ಬರೆದರು. ವಿಡಿಯೊ ಕರೆಯಲ್ಲಿ ಒಂದು ಭೇಟಿಗೆ ಸಾವಿರದ ಎಂಟುನೂರು ರೂಪಾಯಿ. ನಮ್ಮ ಕೈಗೆ ಅದು ದೊಡ್ಡ ಮೊತ್ತ, ಆದರೂ ಕೊಟ್ಟದ್ದಕ್ಕೆ ಬೇಸರವಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ ಪ್ರಕಾರ ಗೋಪ್ಯತೆ ನಮ್ಮ ಹಕ್ಕು ಎಂದು ತಿಳಿದದ್ದೂ ಅವರಿಂದಲೇ. ಅಷ್ಟು ಹಣ ಹೊಂದಿಸಲಾಗದವರು, ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ.

ಕಾನೂನಿನ ವಿಷಯದಲ್ಲಿ ವಿದೇಶದ ತಾಣಗಳು ದಾರಿ ತಪ್ಪಿಸುತ್ತವೆ, ಸುಳ್ಳು ಬರೆದಿರುವುದರಿಂದಲ್ಲ, ಅವರ ಕಾನೂನು ಅವರದ್ದು ಎಂಬ ಕಾರಣಕ್ಕೆ. ಇಂಗ್ಲೆಂಡಿನ ತಾಣಗಳು 1993ರ ಬ್ರೌನ್ ಪ್ರಕರಣದ ತೀರ್ಪನ್ನು ಉದ್ದಕ್ಕೂ ಚರ್ಚಿಸುತ್ತವೆ. ದೇಹಕ್ಕೆ ಗಾಯವಾದರೆ ಸಮ್ಮತಿ ಸಮರ್ಥನೆಯಾಗದು ಎಂದಿತು ಅಲ್ಲಿನ ನ್ಯಾಯಪೀಠ. ನಮ್ಮಲ್ಲಿ ಏನು? ಗಂಡನ ಪರಿಚಯದ ವಕೀಲೆಯೊಬ್ಬರನ್ನು ಕೇಳಿದೆವು. ಅವರು ಪುಸ್ತಕ ತೆರೆದೇ ಮಾತಾಡಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೇ ಸೆಕ್ಷನ್, ಹದಿನೆಂಟು ದಾಟಿದವರ ಸಮ್ಮತಿಯಿಂದ ಆದ ಹಾನಿಯ ಬಗ್ಗೆ ಹೇಳುತ್ತದೆ. ಸಾವು ಅಥವಾ ತೀವ್ರ ಗಾಯ ಉಂಟುಮಾಡುವ ಉದ್ದೇಶವಾಗಲಿ, ಹಾಗಾಗುವ ಸಂಭವವಿದೆಯೆಂಬ ಅರಿವಾಗಲಿ ಇರಬಾರದು ಎಂಬುದು ಅದರ ಗೆರೆ. ಮೂಳೆ ಮುರಿತ ತೀವ್ರ ಗಾಯದ ಪಟ್ಟಿಯಲ್ಲಿದೆ, ಹದಿನೈದು ದಿನ ವಿಪರೀತ ದೇಹಯಾತನೆ ತರುವ ಪೆಟ್ಟೂ ಇದೆ. ಹೆದರಿಕೆಯಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 28ನೇ ಸೆಕ್ಷನ್ ಹೇಳುತ್ತದೆ. ಚಿತ್ರ, ವಿಡಿಯೊ ತೆಗೆದು ಯಾರಿಗಾದರೂ ಕಳಿಸಿದರೆ ವಿಷಯವೇ ಬೇರೆ: ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಅಡಿಯಲ್ಲಿ ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ.

ಆ ದಿನ ವಕೀಲೆ ಹೇಳಿದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡಿತು. ಹದಿನೆಂಟು ದಾಟಿದ ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡ ಕೂಡಿದರೆ ಅದನ್ನು ನಮ್ಮ ಸಂಹಿತೆ ಇಂದಿಗೂ ಅತ್ಯಾಚಾರವೆಂದು ಕರೆಯುವುದಿಲ್ಲ. ಹಾಗಿರುವಾಗ ಮದುವೆಯೊಳಗೆ ಸಮ್ಮತಿಯನ್ನು ಬಾಯಿಬಿಟ್ಟು ಕೇಳುವ, ಹಿಂತೆಗೆದುಕೊಳ್ಳುವ ಅಭ್ಯಾಸವನ್ನು ನಾವಾಗಿಯೇ ಕಟ್ಟಿಕೊಳ್ಳಬೇಕು. ಇಷ್ಟು ವರ್ಷ ಯಾರೂ ನನ್ನನ್ನು ಕೇಳದಿದ್ದ ಪ್ರಶ್ನೆಗಳನ್ನು ಆ ಪುಟಗಳು ಕೇಳುತ್ತಿದ್ದವು: ನಿನಗೆ ಏನು ಬೇಡ? ಇವತ್ತು ಬೇಡವೇ? ನಿನ್ನೆ ಹೂಂ ಎಂದದ್ದಕ್ಕೆ ಇವತ್ತೂ ಹೂಂ ಎನ್ನಬೇಕಿಲ್ಲ, ಗೊತ್ತೇ? ನಾನೂ ಗಂಡನೂ ಕುಳಿತು ಬೇಕು, ನೋಡೋಣ, ಬೇಡ ಎಂಬ ಮೂರು ಕಾಲಂಗಳನ್ನು ಬೇರೆಬೇರೆಯಾಗಿ ತುಂಬಿ ಆಮೇಲೆ ಅದಲುಬದಲು ಮಾಡಿಕೊಂಡು ಓದಿದೆವು. ಅವನ ಬೇಡದ ಪಟ್ಟಿ ನನ್ನದಕ್ಕಿಂತ ಉದ್ದವಿತ್ತು. ಗಂಡಸರಿಗೂ ಗೆರೆಗಳಿರುತ್ತವೆ ಎಂದು ಬರೆಯುವ ಪುಟಗಳು ಕಡಿಮೆ, ಬರೆದಿದ್ದರೆ ಗುರುತಿಟ್ಟುಕೊಳ್ಳಿ.

ಇದೇ ಕಾರಣಕ್ಕೆ, ಹಿಂಸೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳದ ತಾಣವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಬೇಡ ಎಂದರೆ ಸಿಟ್ಟಾಗುವ ಭಯವಿದೆಯೇ? ಗೆಳತಿಯರಿಂದ, ತವರಿನಿಂದ ದೂರ ಮಾಡುತ್ತಿದ್ದಾರೆಯೇ? ಸಂಬಳ ಕಿತ್ತುಕೊಳ್ಳುತ್ತಾರೆಯೇ? ಒಪ್ಪಿದ ಗೆರೆ ದಾಟಿ, "ನೀನು ಅಧೀನಳಲ್ಲವೇ" ಎನ್ನುತ್ತಾರೆಯೇ? ಹೌದಾದರೆ ಅದು ದೌರ್ಜನ್ಯ. 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ಕಾಯ್ದೆ ಎರಡೂ ಇವೆ.

ಓದು ಮುಗಿಯುವ ಹೊತ್ತಿಗೆ ಮನುಷ್ಯರನ್ನು ಕಾಣಬೇಕೆನಿಸಿತು. 2008ರಲ್ಲಿ ಕೆನಡಾದಲ್ಲಿ ಶುರುವಾದ ಫೆಟ್‌ಲೈಫ್ ಈ ಸಮುದಾಯದ ಅತಿ ಪರಿಚಿತ ಸಾಮಾಜಿಕ ಜಾಲ. ಅಲ್ಲಿ ಯಾರು ಬೇಕಾದರೂ ಖಾತೆ ತೆರೆಯಬಹುದು, ಆದ್ದರಿಂದ ಅಲ್ಲಿರುವ ಸಲಹೆಗೆ ಅದನ್ನು ಕೊಟ್ಟವರ ತೂಕವಷ್ಟೇ ಇರುತ್ತದೆ. ಭಾರತದಲ್ಲಿ ಸಮ್ಮತಿ ಮತ್ತು ತಿಳಿವಳಿಕೆಯ ಮೇಲೆ ಕೆಲಸ ಮಾಡುತ್ತ ಬಂದಿರುವ ಕಿಂಕಿ ಕಲೆಕ್ಟಿವ್ ಎಂಬ ಗುಂಪಿನ ಬರಹಗಳು ನನಗೆ ಹೆಚ್ಚು ಹತ್ತಿರವೆನಿಸಿದವು. ನಮ್ಮ ಮನೆ, ಮದುವೆ, ಮರ್ಯಾದೆಯ ಲೆಕ್ಕಾಚಾರ ಗೊತ್ತಿರುವವರ ಮಾತು ಬೇರೆಯೇ ಇರುತ್ತದೆ. ಪರಿಚಯವಿಲ್ಲದವರ ಸಂದೇಶಗಳಿಗೆ ನಾವೊಂದು ಕಟ್ಟುನಿಟ್ಟು ಮಾಡಿಕೊಂಡೆವು. ಮೊದಲ ಮಾತಿನಲ್ಲೇ ಆಜ್ಞೆ ಕೊಡುವವರು, ಚಿತ್ರ ಕೇಳುವವರು, ನಿಜವಾದ ಅಧೀನರಿಗೆ ಸೇಫ್‌ವರ್ಡ್ ಬೇಕಿಲ್ಲ ಎನ್ನುವವರು, ಈ ಮೂವರನ್ನೂ ಆ ಕ್ಷಣವೇ ತಡೆಹಿಡಿಯುವುದು.

ಬೆಂಗಳೂರಿನಲ್ಲಿ ಕೆಫೆಯೊಂದರಲ್ಲಿ ನಡೆಯುವ ಪರಿಚಯ ಕೂಟಕ್ಕೆ, ಅದನ್ನು ಅವರು ಮಂಚ್ ಎನ್ನುತ್ತಾರೆ, ಹೆಸರು ಕೊಟ್ಟು ಹಲವು ವಾರ ಕಾಯಬೇಕಾಯಿತು. ನಡೆಸುವವರು ಮೊದಲು ಫೋನಿನಲ್ಲಿ ಮಾತಾಡಿ, ನಿಯಮಗಳನ್ನು ಓದಿಸಿ, ಒಪ್ಪಿಗೆ ಪಡೆದರು. ಆ ವಿಳಂಬ ಕಿರಿಕಿರಿ ಮಾಡಿದರೂ, ಬೇಗ ಒಳಗೆ ಬಿಡುವ ಗುಂಪಿಗಿಂತ ಕಾಯಿಸುವ ಗುಂಪೇ ಮೇಲೆಂದು ಈಗ ಹೇಳುತ್ತೇನೆ. ಕಡೂರಿನಿಂದ ರೈಲು ಹಿಡಿದು ಹೋದೆವು, ಬಸ್ಸಿಗಿಂತ ಅಗ್ಗ. ಅಲ್ಲಿ ಎಲ್ಲರೂ ಸಾಮಾನ್ಯ ಉಡುಪಿನಲ್ಲಿದ್ದರು, ಕಾಫಿ ಕುಡಿಯುತ್ತ ಬಾಡಿಗೆ ಮನೆ, ಕೆಲಸ, ಪುಸ್ತಕಗಳ ಬಗ್ಗೆ ಮಾತಾಡಿದರು. ಯಾರೂ ಯಾರನ್ನೂ ಮುಟ್ಟಲಿಲ್ಲ, ಚಿತ್ರ ತೆಗೆಯಲಿಲ್ಲ, ನಿಜವಾದ ಹೆಸರು ಕೇಳಲಿಲ್ಲ. ಹಾಸನದ ಕಡೆಯವರು ಇಬ್ಬರು ಸಿಕ್ಕರು. ಕನ್ನಡದಲ್ಲಿ, ದನಿ ತಗ್ಗಿಸದೆ, ಈ ವಿಷಯವನ್ನು ಗಂಡನಲ್ಲದೆ ಬೇರೆಯವರೊಡನೆ ಮಾತಾಡಿದ್ದು ನನ್ನ ಬದುಕಿನಲ್ಲೇ ಅದು ಮೊದಲು.

ಅವರಲ್ಲೊಬ್ಬ ಯುವಕ ತನ್ನ ಕಷ್ಟ ಹೇಳಿಕೊಂಡ. ಯಾವುದೋ ಗುಂಪಿನಲ್ಲಿ ಪರಿಚಯವಾದವರು ಅವನ ಖಾಸಗಿ ಚಿತ್ರಗಳನ್ನು ಪಡೆದು, ಮನೆಯವರಿಗೆ ಕಳಿಸುತ್ತೇವೆಂದು ಹೆದರಿಸಿ ಹಣ ಕೀಳುತ್ತಿದ್ದರು. ಹಣ ಕೊಟ್ಟಷ್ಟೂ ಬೇಡಿಕೆ ಬೆಳೆಯಿತು. ಕೂಟ ನಡೆಸುವವರ ಸಹಾಯದಿಂದ ಅವನು ಎಲ್ಲ ಸಂದೇಶಗಳ ಪ್ರತಿ ಉಳಿಸಿಕೊಂಡು, ಹಣ ಕಳಿಸುವುದನ್ನು ನಿಲ್ಲಿಸಿ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿದ. ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆಯನ್ನೂ ಬಳಸಿದ. ಅದರಲ್ಲಿ ಚಿತ್ರ ನಮ್ಮ ಸಾಧನದಿಂದ ಹೊರಹೋಗದೆ ಅದರ ಸಂಖ್ಯಾರೂಪದ ಬೆರಳಚ್ಚು ಮಾತ್ರ ಸಿದ್ಧವಾಗುತ್ತದೆ. ಒಪ್ಪಂದವಿರುವ ಸಾಮಾಜಿಕ ಜಾಲಗಳು ಅದಕ್ಕೆ ಹೊಂದುವ ಚಿತ್ರವನ್ನು ಗುರುತಿಸಿ ತಡೆಯಬಲ್ಲವು. ಹೆದರಿಸಿದವರು ಆಮೇಲೆ ಸುಮ್ಮನಾದರಂತೆ. ಇಂತಹ ಸ್ಥಿತಿಯಲ್ಲಿರುವವರು ದಯವಿಟ್ಟು ಒಬ್ಬರೇ ಒದ್ದಾಡಬೇಡಿ. ತಪ್ಪು ಮಾಡಿದವರು ಹೆದರಿಸುವವರು.

ನೋಟ್‌ಬುಕ್ ಈಗ ತುಂಬುತ್ತ ಬಂದಿದೆ. ಹಾಸನದ ಆ ಇಬ್ಬರೂ ನಾನೂ ಸೇರಿ ಅದರ ಕನ್ನಡ ಸಾರವನ್ನು ನಮ್ಮಂತಹವರಿಗೆ ಹಂಚಲು ಸಿದ್ಧಪಡಿಸುತ್ತಿದ್ದೇವೆ. ಕೊಯ್ಲಿನ ಲೆಕ್ಕ ಮುಗಿಯುವವರೆಗೆ ನನಗೆ ರಾತ್ರಿ ಮಾತ್ರ ಸಮಯ. ಸಮ್ಮತಿಯ ಭಾಗವನ್ನು ಬೆಂಗಳೂರಿನ ಮನಶ್ಶಾಸ್ತ್ರಜ್ಞೆ ಓದಿ ತಿದ್ದಿಕೊಟ್ಟಿದ್ದಾರೆ, ಕಾನೂನಿನ ಭಾಗ ವಕೀಲೆಯ ಮೇಜಿನ ಮೇಲಿದೆ. ನರಗಳ ಭಾಗಕ್ಕಾಗಿ ಹಾಸನದ ಸಂಬಂಧಿಕಳಿಗೆ ಈ ಸಲ ಕಾರಣವನ್ನೂ ತಿಳಿಸಿ ಪ್ರತಿ ಕಳಿಸಿದ್ದೇನೆ. ತೋಳಿನ ಚಿತ್ರವೊಂದನ್ನು ಮತ್ತೆ ಬರೆಯಬೇಕೆಂದು ಅವಳು ಉತ್ತರಿಸಿದ್ದಾಳೆ. ಅದು ಬರುವವರೆಗೆ ಹಗ್ಗದ ಪುಟಗಳನ್ನು ಯಾರಿಗೂ ಕೊಡುತ್ತಿಲ್ಲ.